ಹಾಡುವ ತೋಳು

ಜೂನ್ ೪

ಮಗಳೇ,

ಊರಿಗೆಲ್ಲ ಹೇಳೋ ಬುದ್ಧಿಮಾತನ್ನ ಮೊದಲು ನಮ್ಮ ಮನೆಯವರು ಕೇಳಬೇಕು ಅಂತ ಬರೆದಿದ್ದೆಯಲ್ಲ, ಕೇಳಿದೆ. ಗಂಟಲಮಾರಿಯ ಇಂಜೆಕ್ಷನ್ ಹಾಕಿಸಿಕೊಂಡೆ. ನಮ್ಮ ಬೀದಿಯ ಸ್ಕೂಲಿನಲ್ಲಿ ಬೆಂಚು ಹಾಕಿಕೊಂಡು ಕೂತಿದ್ದ ನರ್ಸಮ್ಮ "ತಾತಾ, ಕೈ ಸಡಿಲ ಬಿಡಿ" ಅಂದಳು. "ನಾಲಿಗೆ ಬಿಟ್ಟು ಬೇರೆ ಯಾವುದನ್ನೂ ಸಡಿಲ ಬಿಟ್ಟು ಅಭ್ಯಾಸ ಇಲ್ಲಮ್ಮ" ಅಂದೆ. ನಗಲಿಲ್ಲ. ಚುಚ್ಚುಮದ್ದು ಕೊಡೋರಿಗೆ ಚುಚ್ಚುಮಾತು ಹಿಡಿಸೋಲ್ಲ ಅಂತ ಕಾಣುತ್ತೆ.

ಸೂಜಿ ಹಾಕಿದ್ದು ಅವಳು, ಸೋಜಿಗ ಮಾಡಿದ್ದು ನಾನು. ಅದನ್ನ ಹೇಳೋಕೇ ಈ ಕಾಗದ.

ರಿಪೇರಿ ಅಂಗಡಿ ಮುಚ್ಚಿದಾಗ ಮನೆಗೆ ತಂದ ರೇಡಿಯೋಗಳಲ್ಲಿ ಒಂದು ಸೋಪಿನ ಬಿಲ್ಲೆಯಷ್ಟೇ ಇತ್ತು, ನೆನಪಿದೆಯಾ? ಯಾರೋ ಕೊಟ್ಟು ಹೋದವನು ತಿರುಗಿ ಬರಲೇ ಇಲ್ಲ. ಅದನ್ನ ಸೂಜಿ ಹಾಕಿದ ಜಾಗದ ಮೇಲೇ ಇಟ್ಟು ಬಟ್ಟೆ ಸುತ್ತಿ, ಮೇಲೆ ಉದ್ದ ತೋಳಿನ ಅಂಗಿ ಹಾಕಿಕೊಂಡೆ. ಒತ್ತಿದರೆ ಮಾತಾಡಬೇಕು, ಬಿಟ್ಟರೆ ಸುಮ್ಮನಾಗಬೇಕು, ಹಾಗೆ ಒಂದು ಸ್ಪ್ರಿಂಗು ಕೂರಿಸಿದೆ. ಡಾಕ್ಟರ ಬ್ಯಾಂಡೇಜು, ನನ್ನ ಬ್ಯಾಂಡು, ಎರಡೂ ಒಂದೇ ತೋಳಿಗೆ. ಆಮೇಲೆ ಟೀ ಅಂಗಡಿಗೆ ಹೋಗಿ ತೋಳು ಹಿಡಿದುಕೊಂಡು ನರಳುತ್ತಾ ಕೂತೆ.

"ಯಾಕಣ್ಣ?" ಅಂದ ಟೀ ಅಂಗಡಿಯವ.

"ಇಂಜೆಕ್ಷನ್ ಹಾಕಿಸಿಕೊಂಡಾಗಿಂದ ಒಳಗೆ ಏನೋ ಗುಂಯ್ ಅಂತಿದೆ ಕಣಯ್ಯ" ಅಂದೆ. ಅಂದು ಒತ್ತಿದೆ.

ಏನು ಬಂತು ಗೊತ್ತಾ? "ಮೀನುಗಾರರು ಕಡಲಿಗೆ ಇಳಿಯಬಾರದೆಂದು ಎಚ್ಚರಿಸಲಾಗಿದೆ!" ಅಂತ ಒಬ್ಬ ಹೆಂಗಸು ನನ್ನ ತೋಳಿನೊಳಗಿಂದ ಗದರಿಸಿದಳು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಇನ್ನೊಂದು ಸಲ ಒತ್ತಿದೆ. ಈ ಸಲ ಹಾಡು. ಲಾರಿ ಓಡಿಸೋ ಹಾರನ್ ಇದಾನಲ್ಲ, ಬೀದಿಯ ಆ ತುದಿಗೆ ಕೇಳೋ ಹಾಗೆ ನಗೋನು, ಅವನು ಟೀ ಎಲ್ಲ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. "ಅಂಗಿ ತೋಳು ಮಡಿಸಿ ತೋರಿಸಣ್ಣ, ತೋರಿಸಣ್ಣ" ಅಂತ ಎಲ್ಲರೂ ಗಂಟು ಬಿದ್ದರು. ಜಾದೂಗಾರ ಪೆಟ್ಟಿಗೆಯ ತಳ ತೋರಿಸ್ತಾನಾ? ಏನೇ ಆದರೂ ತೋರಿಸಲಿಲ್ಲ. ನರಳುತ್ತಲೇ ಎದ್ದು ಬಂದೆ. ಯಾರೋ ಒಬ್ಬ ಮಾತ್ರ ನಗಲಿಲ್ಲ, ಮಗುವನ್ನ ಎತ್ತಿಕೊಂಡು ಹೋಗೇಬಿಟ್ಟ. ತಮಾಷೆ ಹತ್ತದ ಜನ ಎಲ್ಲ ಕಡೆಯೂ ಇರ್ತಾರೆ ಬಿಡು.

ಸೊಸೆ ಇನ್ನೂ ತಾಯಿಯ ಮನೆಯಲ್ಲೇ, ಆ ಕಲ್ಲಿನ ಕ್ವಾರಿ ಕಾಲೋನಿಯಲ್ಲಿ. ಅವಳ ತಾಯಿಯ ಕಾಲು ಮೂಳೆ ಕೂಡಿಲ್ಲವಂತೆ. ನಿನ್ನ ಅಣ್ಣನ ಹಡಗು ಯಾವ ಬಂದರಿನಲ್ಲಿದೆಯೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಮೊಮ್ಮಗಳು ಗಿಲಕಿ ಇಲ್ಲದ ಮನೆ ಸೆಲ್ ತೆಗೆದ ರೇಡಿಯೋ ಹಾಗಿದೆ. ಮೂರು ವರ್ಷದ ಕೂಸಿಗೆ ಎಷ್ಟೊಂದು ಧ್ವನಿ ಕಲಿಸಿದ್ದೆ! ಬೆಕ್ಕು, ಬಸ್ ಕಂಡಕ್ಟರ್, ನೆಗಡಿಯಾದ ತಾತ. ನೆಗಡಿ ತಾತನ ಧ್ವನಿ ಮಾಡಿದರೆ ನಾನೇ ಬಾಗಿಲಲ್ಲಿ ನಿಂತ ಹಾಗಿರುತ್ತೆ.

ಇತಿ,
ನಿನ್ನ ಅಪ್ಪ, ಮೀಡಿಯಂ ವೇವ್


ಜೂನ್ ೧೭

ಅಪ್ಪಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ದೊಡ್ಡ ಡಾಕ್ಟರು ಕೂಡ ನಕ್ಕರು. ಆಮೇಲೆ ಕನ್ನಡಕ ತೆಗೆದು, "ಇದನ್ನು ಇನ್ನೊಮ್ಮೆ ಮಾಡಬೇಡಿ ಅಂತ ನಿಮ್ಮ ತಂದೆಗೆ ಬರೆಯಿರಿ" ಅಂದರು. ಬರೆದಿದ್ದೇನೆ.

ಈ ಕಾಗದ ಬರೆಯುತ್ತಿರುವುದು ಆಫೀಸಿನಿಂದಲ್ಲ. ಅತ್ತಿಗೆಯ ತಾಯಿ ಇರುವ ಕ್ವಾರಿ ಕಾಲೋನಿಯಿಂದಲೇ. ಇಲ್ಲಿ ಇಬ್ಬರು ಮಕ್ಕಳಿಗೆ ಗಂಟಲಮಾರಿ ಕಾಣಿಸಿದೆ, ಯಾರಿಂದ ಬಂತು ಅಂತ ಪತ್ತೆ ಮಾಡಿ ಲಸಿಕೆ ಹಾಕಲು ನಮ್ಮನ್ನು ಕಳಿಸಿದರು. ಕ್ವಾರಿಯವರ ಉಪಕರಣ ಇಡುವ ಕೋಣೆಯನ್ನು ಖಾಲಿ ಮಾಡಿ ಕೊಟ್ಟಿದ್ದಾರೆ. ಮೇಜು, ಐಸ್ ಪೆಟ್ಟಿಗೆ, ಗೋಡೆಯ ಮೇಲೆ ಕಾಲೋನಿಯ ನಕ್ಷೆ. ಎಲ್ಲದರ ಮೇಲೂ ಕಲ್ಲಿನ ಬಿಳಿ ಧೂಳು. ಫೋನಿಲ್ಲ. ಔಷಧಿ ವ್ಯಾನು ವಾರಕ್ಕೆರಡು ಸಲ ಬರುತ್ತದೆ. ಅದರ ಡ್ರೈವರ್ ನಮ್ಮ ಬೀದಿಯ ಮೇಲೇ ಹೋಗುವುದರಿಂದ ಕಾಗದ ಕೊಟ್ಟು ತೆಗೆದುಕೊಳ್ಳಲು ಒಪ್ಪಿದ್ದಾನೆ.

ನೀನು ನಗಿಸುವ ಮೊದಲೇ ಹೇಳಿಬಿಡುತ್ತೇನೆ, ಇದು ನಗುವ ರೋಗವಲ್ಲ. ಮೊದಲು ಧ್ವನಿ ಒಡೆಯುತ್ತದೆ. ನೆಗಡಿ ಅಂದುಕೊಳ್ಳುತ್ತಾರೆ. ಆಮೇಲೆ ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟುತ್ತದೆ. ಉಸಿರಿಗೆ ದಾರಿ ಇರುವುದಿಲ್ಲ. ಬೇಗ ಗೊತ್ತಾದರೆ ಸೀರಂ ಅಂತ ಒಂದು ಔಷಧಿ ಇದೆ. ತಡವಾದರೆ ಅದೂ ಕೆಲಸಕ್ಕೆ ಬರುವುದಿಲ್ಲ, ವಿಷ ಹೃದಯಕ್ಕೆ ಇಳಿದಿರುತ್ತದೆ. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಇಷ್ಟೆಲ್ಲ ಆಗುವುದು ತೀರಾ ಅಪರೂಪ.

ಜನ ಒಳ್ಳೆಯವರು. ನಿನ್ನೆ ಸಾಲು ಕೋಣೆಯಿಂದ ನೀರಿನ ಟ್ಯಾಂಕಿನವರೆಗೆ ಇತ್ತು. ಅತ್ತಿಗೆಯನ್ನೂ ನೋಡಿದೆ. ಗಿಲಕಿ ನನ್ನನ್ನು ಕಂಡೊಡನೆ ಕಂಡಕ್ಟರ್ ಧ್ವನಿಯಲ್ಲಿ "ಟಿಕೆಟ್, ಟಿಕೆಟ್" ಅಂದಳು. ಅವಳಿಗೆ ಹುಟ್ಟಿದಾಗಿನಿಂದ ಒಂದು ಲಸಿಕೆಯನ್ನೂ ಸರಿಯಾಗಿ ಹಾಕಿಸಿಲ್ಲ ಅಪ್ಪಾ. ಅಣ್ಣನ ಕೆಲಸಕ್ಕಾಗಿ ಬಂದರಿನಿಂದ ಬಂದರಿಗೆ ಅಲೆಯುವುದರಲ್ಲಿ ತಪ್ಪಿಹೋಗಿದೆ. "ಅಮ್ಮನ ಕಾಲು ನೆಟ್ಟಗಾಗಲಿ, ಜ್ವರ ಬಂದರೆ ಇಬ್ಬರನ್ನೂ ನಾನೊಬ್ಬಳೇ ನೋಡಿಕೊಳ್ಳೋಕಾಗಲ್ಲ, ಮುಂದಿನ ವಾರ ಖಂಡಿತ" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಸಾಲು ಇಷ್ಟುದ್ದ ಇರುವಾಗ ಮುಂದಿನ ವಾರಕ್ಕೇನು ಅಂದುಕೊಂಡೆ.

ನಿನ್ನ ಮಗಳು


ಜೂನ್ ೨೬

ಪತ್ತೇದಾರಿ ಮಗಳೇ,

ದೊಡ್ಡ ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ಇನ್ನೊಮ್ಮೆ ಮಾಡಬೇಡಿ ಅಂದರಲ್ಲ, ಅಷ್ಟರಲ್ಲಿ ಇನ್ನೊಮ್ಮೆ, ಮತ್ತೊಮ್ಮೆ ಎರಡೂ ಆಗಿಹೋಗಿತ್ತು. ಕ್ಷೌರದ ಅಂಗಡಿಯವನು ಗಿರಾಕಿಗಳಿಗೆ ತೋರಿಸು ಅಂತ ಕರೆದ. ಹೋದೆ. ಬಸ್ ನಿಲ್ದಾಣದಲ್ಲಿ ಯಾರೋ ಗುರುತು ಹಿಡಿದು, "ತೋಳಿನ ತಾತ ನೀವೇ ಅಲ್ವಾ?" ಅಂದ. ಇಷ್ಟು ವರ್ಷ ಊರಿನ ರೇಡಿಯೋಗಳಿಗೆಲ್ಲ ಬಾಯಿ ಬರಿಸಿದೆ, ಒಬ್ಬನೂ ಗುರುತು ಹಿಡಿದಿರಲಿಲ್ಲ. ಒಂದು ತೋಳು ಬಾಯಿ ಬಿಟ್ಟಿತು ನೋಡು, ಹೆಸರು ಬಂತು.

ನಿನ್ನ ಕಾಗದದಲ್ಲಿ ಪೊರೆ ಕಟ್ಟೋದು ಅಂತ ಓದಿ ಗಂಟಲು ಮುಟ್ಟಿ ನೋಡಿಕೊಂಡೆ. ಸೊಸೆಗೆ ಹೇಳು, ಕಾಲು ನೆಟ್ಟಗಾಗೋದು ನಿಧಾನ, ಕಾಲ ನೆಟ್ಟಗಿರುವಾಗಲೇ ಹಾಕಿಸಿಬಿಡಬೇಕು ಅಂತ.

ನರ್ಸಮ್ಮ ಮಾತ್ರ ನನ್ನ ಮೇಲೆ ಕೆಂಡವಾಗಿದ್ದಾಳೆ. ಮೊನ್ನೆ ಸ್ಕೂಲಿನ ಮುಂದೆ ಹೋಗ್ತಿದ್ದೆ. ಖಾಲಿ ಬೆಂಚುಗಳ ಮಧ್ಯೆ ಒಬ್ಬಳೇ ಕೂತಿದ್ದಳು.

"ಏನಮ್ಮಾ, ಇವತ್ತು ರಜವಾ?" ಅಂದೆ.

"ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ಕೇಳಿದ್ದೀರಾ ತಾತಾ?"

"ಕೇಳಿದ್ದೀನಿ. ಇದರಲ್ಲಿ ಬೆಕ್ಕು ಯಾರು?"

ಐಸ್ ಪೆಟ್ಟಿಗೆ ಮುಚ್ಚಿ ಬೀಗ ಹಾಕಿದಳು. ಮುಖ ನೋಡಿದರೆ ಮಿಯಾಂವ್ ಅನ್ನೋಕೂ ಧೈರ್ಯ ಬರಲಿಲ್ಲ.

ಹಾರನ್ ಹೋದ ವಾರ ನಿಮ್ಮ ಕಡೆಗೇ ಲೋಡ್ ತಗೊಂಡು ಬಂದಿದ್ದನಂತೆ. ದಾರಿಯಲ್ಲಿ ನಿಂತ ಕಡೆಯೆಲ್ಲ ನನ್ನ ಕಥೆ ಹೇಳಿ ಪುಕ್ಕಟೆ ಟೀ ಕುಡಿದೆ ಅಂದ. ಪಾಲು ಕೊಡೋ ಅಂದೆ.

ಇತಿ,
ಅಪ್ಪ, ಈಗ ಶಾರ್ಟ್ ವೇವ್, ದೂರದೂರಕ್ಕೂ ಕೇಳಿಸ್ತೀನಿ


ಜುಲೈ ೧೨

ಅಪ್ಪಾ,

ಸಾಲು ಇಲ್ಲ.

ಮೊದಲು ಅರ್ಧವಾಯಿತು. ಆಮೇಲೆ ನಾಲ್ಕೈದು ಜನ. ಈಗ ನಾವು ಮೇಜು ಹಾಕಿಕೊಂಡು ಕೂತರೆ ಧೂಳು ಮಾತ್ರ ಬಂದು ಕೂರುತ್ತದೆ. ಮನೆಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಬಿಸಿಲಿನಲ್ಲೂ ಮಕ್ಕಳಿಗೆ ಉದ್ದ ತೋಳಿನ ಅಂಗಿ. ಮೊನ್ನೆ ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಸಂತೋಷವಾಯಿತು. ಆಮೇಲೆ ಹತ್ತಿರ ಬಂದು ನನ್ನ ತೋಳಿಗೆ ಕಿವಿ ಒತ್ತಿ ನಿಂತರು. ನಾನು ಅಲ್ಲಾಡದೆ ಕೂತೆ. ಕಿವಿ ತೆಗೆದಾಗ ಅವರ ಮುಖದಲ್ಲಿದ್ದದ್ದು ಕೋಪವಲ್ಲ ಅಪ್ಪಾ, ಕನಿಕರ. "ನಿನಗೂ ಹಾಕಿಬಿಟ್ಟಿದ್ದಾರಲ್ಲ ತಾಯಿ" ಅಂದರು.

ಇಲ್ಲಿ ಓಡಾಡುತ್ತಿರುವ ಕಥೆ ಇದು. ಯಾವುದೋ ಊರಿನಲ್ಲಿ ಒಬ್ಬ ಮುದುಕ ಇಂಜೆಕ್ಷನ್ ಹಾಕಿಸಿಕೊಂಡ. ತೋಳಿನೊಳಗೆ ಏನೋ ಗುಂಯ್‌ಗುಟ್ಟತೊಡಗಿತು. ಅದು ಮಾತಾಡಿತು, ಸಾವು ಬರುತ್ತಿದೆ ಅಂತ ಎಚ್ಚರಿಸಿತು. ಮುದುಕ ನರಳಿ ನರಳಿ ಸತ್ತ. ಹೂಳಿದ ಮೇಲೂ ಮಣ್ಣಿನ ಅಡಿಯಿಂದ ಗುಂಯ್ ಅನ್ನುತ್ತಿತ್ತು.

ನೀನು ಎಷ್ಟು ಕಡೆ ಆ ಆಟ ಆಡಿದೆ?

ನನ್ನ ಈಗಿನ ಕೆಲಸವೇ ಇದು. ಬೇಡ ಅಂದ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ಯಾರಿಂದ ಕೇಳಿದಿರಿ?" ಅವರು ಹೇಳಿದವರ ಹತ್ತಿರ ಹೋಗಿ ಮತ್ತೆ ಅದೇ ಪ್ರಶ್ನೆ. ಗೋಡೆಯ ನಕ್ಷೆಯಲ್ಲಿ ಒಂದೊಂದು ಬಾಯಿಗೂ ಒಂದು ಪಿನ್ನು, ಪಿನ್ನಿನಿಂದ ಪಿನ್ನಿಗೆ ಕೆಂಪು ದಾರ. ರೋಗ ಹೇಗೆ ಒಬ್ಬರಿಂದ ಒಬ್ಬರಿಗೆ ಹೋಯಿತು ಅಂತ ಹುಡುಕುವುದೂ ಹೀಗೆಯೇ. ಆದರೆ ಕಥೆಗೆ ಕೆಮ್ಮು ಕೂಡ ಬೇಕಾಗಿಲ್ಲ, ಬೇಗ ಓಡುತ್ತದೆ.

ಮುಖ್ಯವಾದ ಮಾತು. ಅತ್ತಿಗೆ ನಮ್ಮ ಸೂಜಿಗೆ ಹೆದರಿ ಗಿಲಕಿಯನ್ನು ಕರೆದುಕೊಂಡು ನಾಳೆಯೋ ನಾಡಿದ್ದೋ ಅಲ್ಲಿಗೆ ಹೊರಡುತ್ತಾಳೆ. ನಾನು ಎರಡು ಸಲ ಹೋದೆ. ಅವಳ ತಾಯಿ ಮಂಚದ ಮೇಲಿಂದಲೇ "ನಿಮ್ಮ ಕೆಲಸ ನೀವು ಮಾಡಿ, ನಮ್ಮ ಮಗು ನಮ್ಮದು" ಅಂದರು. ಅತ್ತಿಗೆ ತಲೆ ಎತ್ತಲಿಲ್ಲ. ಬಂದ ತಕ್ಷಣ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋಗು. ನಗಿಸಿಯೋ ಅಳಿಸಿಯೋ, ಹೇಗಾದರೂ ಹಾಕಿಸು.

ನಿನ್ನ ಮಗಳು


ಜುಲೈ ೧೬

ಮಗಳೇ,

ನಾನು ಸತ್ತು ಹೋಗಿದ್ದೀನಂತೆ. ಮೊನ್ನೆ ಬಸ್ಸಿಳಿದು ಬಂದ ಸೊಸೆ, ಚೀಲ ಕೆಳಗಿಡೋ ಮುಂಚೆ ಪಿಸುಗುಟ್ಟಿದಳು, "ಮಾವ, ನೀವೇನಾದ್ರೂ ಆ ಸೂಜಿ ಹಾಕಿಸಿಕೊಂಡ್ರಾ? ಒಬ್ಬ ಮುದುಕರು ಸತ್ತೇ ಹೋದ್ರಂತೆ."

"ಆ ಮುದುಕ ನಾನೇ ಕಣಮ್ಮ" ಅಂದೆ.

"ಎಲ್ಲದಕ್ಕೂ ತಮಾಷೆನಾ ಮಾವ? ಸತ್ತವರ ವಿಷಯದಲ್ಲೂನಾ?" ಅಂತ ಗಿಲಕಿಯನ್ನ ಎತ್ತಿಕೊಂಡು ಒಳಗೆ ಹೋದಳು.

ಅವಳದ್ದೂ ತಪ್ಪಿಲ್ಲ. ಮದುವೆಯಾಗಿ ಬಂದ ದಿನದಿಂದ ಗೋಳು ಹುಯ್ಕೊಂಡಿದ್ದೀನಿ. ಸಕ್ಕರೆ ಡಬ್ಬಿಗೆ ಉಪ್ಪು ಹಾಕಿದೆ, ಗಂಡನ ಧ್ವನಿಯಲ್ಲಿ ಬಾಗಿಲ ಹೊರಗಿಂದ ಕೂಗಿ ಓಡಿಬರೋ ಹಾಗೆ ಮಾಡಿದೆ. ಅವತ್ತು ಅವಳು ಬಾಗಿಲು ತೆಗೆದಾಗ ಇದ್ದ ಮುಖ ನನಗೆ ಯಾಕೋ ಈಗ ನೆನಪಾಗ್ತಿದೆ.

ನಿನ್ನ ಕಾಗದ ಓದಿದ ಮೇಲೆ ರೇಡಿಯೋ ತಗೊಂಡು ನೆಟ್ಟಗೆ ಟೀ ಅಂಗಡಿಗೆ ಹೋದೆ. ಎಲ್ಲರೂ ನೋಡೋ ಹಾಗೆ ಮೇಜಿನ ಮೇಲಿಟ್ಟೆ. "ಇದೇ ನೋಡ್ರಪ್ಪ, ಇದನ್ನೇ ಅವತ್ತು ತೋಳಿಗೆ ಕಟ್ಟಿಕೊಂಡಿದ್ದೆ. ತೋಳಿನಲ್ಲಿ ಏನೂ ಇಲ್ಲ" ಅಂದು ಅಂಗಿ ತೋಳು ಮಡಿಸಿ ತೋರಿಸಿದೆ.

ಟೀ ಅಂಗಡಿಯವ ನಿಧಾನವಾಗಿ ಮೇಜು ಒರೆಸಿದ. ರೇಡಿಯೋ ಸುತ್ತ ಒರೆಸಿದ, ರೇಡಿಯೋ ಮುಟ್ಟಲಿಲ್ಲ.

"ಹೀಗೆ ಹೇಳು ಅಂತ ಮಗಳು ಹೇಳಿಕೊಟ್ಟಳಾ ಅಣ್ಣ?" ಅಂದ.

"ನಾನೇ ಹೇಳ್ತಿದ್ದೀನಿ ಕಣಯ್ಯ."

"ಹೇಳಲೇಬೇಕು ಬಿಡಿ. ಅವಳ ಕೆಲಸದ ಪ್ರಶ್ನೆ."

"ಅವತ್ತು ತೋಳು ಮಡಿಸಿ ಅಂತ ಅಷ್ಟು ಕೇಳಿಕೊಂಡ್ವಿ" ಅಂದ ಕ್ಷೌರದವನು. "ರೇಡಿಯೋನೇ ಆಗಿದ್ದಿದ್ರೆ ಅವತ್ತೇ ತೋರಿಸ್ತಿರಲಿಲ್ವಾ? ಇವತ್ತು ಯಾಕೆ ತೋರಿಸ್ತಿದ್ದೀರಿ?"

ಹಾರನ್ ಕೂಡ ಅಲ್ಲೇ ಇದ್ದ. ಅವನಾದರೂ ನಗ್ತಾನೆ ಅಂತ ನೋಡಿದೆ. ಗ್ಲಾಸಿನೊಳಗೆ ನೋಡ್ತಾ ಕೂತಿದ್ದ. ಆಮೇಲೆ ಹೆಗಲ ಮೇಲೆ ಕೈ ಇಟ್ಟು, "ನೋವು ಜಾಸ್ತಿ ಇದೆಯಾ ಅಣ್ಣ?" ಅಂದ.

ಸುಳ್ಳು ಹೇಳಿದಾಗ ನಕ್ಕುಕೊಂಡೇ ನಂಬಿದರು. ನಿಜ ಹೇಳಿದರೆ ಅಳುಮುಖ ಮಾಡಿಕೊಂಡು ನಂಬೋಲ್ಲ ಅಂತಾರೆ. ಮಾತು ಆಡಿದರೆ ಹೋಯ್ತು ಅಂತಾರಲ್ಲ, ಎಲ್ಲಿಗೆ ಹೋಯ್ತು ಅಂತ ಯಾರೂ ಹೇಳಿರಲಿಲ್ಲ.

ಗಿಲಕಿ ಚೆನ್ನಾಗಿದ್ದಾಳೆ. ಇಡೀ ಮನೆ ಮತ್ತೆ ಗಲಗಲ. ಸೊಸೆಯನ್ನ ಒಪ್ಪಿಸ್ತೀನಿ, ಸ್ವಲ್ಪ ಟೈಮು ಕೊಡು.

ಇತಿ,
ಅಪ್ಪ, ಬರೀ ಕರಕರ


ಜುಲೈ ೧೯

ಅಪ್ಪಾ,

ದಾರ ಮುಗಿಯಿತು. ಕ್ವಾರಿಯ ಕ್ಯಾಂಟೀನಿನ ಅಡಿಗೆಯವಳಿಂದ ಒಬ್ಬ ಲಾರಿ ಕ್ಲೀನರ್, ಅವನಿಂದ ಹೆದ್ದಾರಿಯ ಪಂಕ್ಚರ್ ಅಂಗಡಿ, ಅಲ್ಲಿಂದ ಹಾರನ್, ಹಾರನ್‌ನಿಂದ ನಮ್ಮ ಬೀದಿಯ ಟೀ ಅಂಗಡಿಯ ಬೆಂಚು. ಕೊನೆಯ ಪಿನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ. ದೊಡ್ಡ ಡಾಕ್ಟರು ಬಾಗಿಲಿನಿಂದ "ಯಾರು?" ಅಂದರು. ಅವರೂ ನಿನ್ನ ಕಾಗದ ಕೇಳಿ ನಕ್ಕವರೇ. ಗೊತ್ತಿದ್ದೇ ಕೇಳಿದರೋ ಏನೋ. "ಒಬ್ಬ ಮುದುಕ" ಅಂದೆ. ಚುಚ್ಚಿದೆ.

ಅತ್ತಿಗೆಯ ತಾಯಿಯ ಪಕ್ಕದ ಮನೆಯ ಹುಡುಗಿ ನಿನ್ನೆ ತೀರಿಹೋದಳು. ಗಿಲಕಿಗಿಂತ ಸ್ವಲ್ಪ ದೊಡ್ಡವಳು. ಇಬ್ಬರೂ ಒಂದೇ ಲೋಟದಲ್ಲಿ ನೀರು ಕುಡಿದು ಆಡುತ್ತಿದ್ದರು ಅಂತ ಆ ಹುಡುಗಿಯ ತಾಯಿ ಹೇಳಿದಳು. ನಾವು ಹೋದಾಗ ಸೀರಂ ಕೊಡುವ ಹೊತ್ತು ಮೀರಿತ್ತು, ಬಚ್ಚಿಟ್ಟಿದ್ದರು. ಮಗುವಿನ ತೋಳಿಗೆ ಮೂರು ಸುತ್ತು ಸೀರೆಯ ತುಂಡು ಸುತ್ತಿದ್ದರು, ನಾವು ಕದ್ದು ಸೂಜಿ ಹಾಕಿಬಿಡುತ್ತೇವೆ ಅಂತ.

ಗಿಲಕಿಗೆ ಹಾಕಿಸಿದೆಯಾ? ಕಥೆ ಬೇಡ, ಸಮಾಧಾನ ಬೇಡ. ಹೌದು, ಇಲ್ಲ, ಅಷ್ಟೇ ಬರಿ. ಡ್ರೈವರ್ ನಿನ್ನ ಉತ್ತರಕ್ಕೆ ಕಾಯುತ್ತಾನೆ.

ಮತ್ತೆ, ಅವಳ ಧ್ವನಿಯ ಮೇಲೆ ಗಮನ ಇಡು.

ಮಗಳು


ಜುಲೈ ೨೨

ಮಗಳೇ,

ಇಲ್ಲ.

ಡ್ರೈವರ್ ಜಗಲಿಯ ಮೇಲೆ ಕೂತಿದ್ದಾನೆ. ಹೌದು, ಇಲ್ಲ ಅಂತಷ್ಟೇ ಬರಿ ಅಂದಿದ್ದೀಯ, ಆದರೆ ಇಷ್ಟನ್ನ ನಿನಗೆ ಹೇಳಲೇಬೇಕು. ಅವರು ಇವತ್ತು ಬೆಳಿಗ್ಗೆ ಹೊರಟು ಹೋದರು. ಅಲ್ಲಿಗೇ. ಕ್ವಾರಿಗೇ.

ನಿನ್ನೆ ಸೊಸೆಯ ಮುಂದೆ ನೆಲದ ಮೇಲೆ ಕೂತೆ. ಕೈ ಮುಗಿದೆ. ಒಂದೂ ತಮಾಷೆಯ ಮಾತು ಆಡಲಿಲ್ಲ, ಅದರಿಂದಲೇ ಅವಳಿಗೆ ಹೆದರಿಕೆ ಜಾಸ್ತಿಯಾಯ್ತೇನೋ. ರೇಡಿಯೋ ಬಿಚ್ಚಿ, ಸ್ಪ್ರಿಂಗು, ಸೆಲ್ಲು, ಸ್ಪೀಕರು ಎಲ್ಲ ಬೇರೆ ಬೇರೆ ಇಟ್ಟು ತೋರಿಸಿದೆ. ಅಂಗಿ ಪೂರ್ತಿ ತೆಗೆದು, "ನೋಡಮ್ಮ, ಬರೀ ತೋಳು. ಮುದುಕನ ತೋಳು. ಕಿವಿ ಇಟ್ಟು ನೀನೇ ಕೇಳು. ಏನಾದರೂ ಕೇಳಿಸಿದರೆ ಹಾಕಿಸಬೇಡ" ಅಂದೆ.

ಆ ಮಾತು ನಾನೇ ಆಡಿದ್ದು.

ಅವಳು ಹತ್ತಿರ ಬಂದಳು. ಕೂದಲು ಸರಿಸಿ, ಕಣ್ಣು ಮುಚ್ಚಿ, ಸೂಜಿ ಹಾಕಿದ ಜಾಗಕ್ಕೇ ಕಿವಿ ಒತ್ತಿದಳು. ಬೀದಿಯಲ್ಲಿ ಸೈಕಲ್ ಹೋಯ್ತು. ಯಾರದ್ದೋ ಮನೆಯಲ್ಲಿ ನಲ್ಲಿ ನೀರು ಬಂತು. ಕಿವಿ ತೆಗೀಲಿಲ್ಲ.

ಕೊನೆಗೆ ಕಣ್ಣು ಬಿಟ್ಟಳು.

"ಕೇಳಿಸ್ತಿದೆ ಮಾವ" ಅಂದಳು. ಕಿರುಚಲಿಲ್ಲ, ಅಳಲಿಲ್ಲ. "ಗುಂಯ್ ಅಂತಿದೆ. ದೂರದಲ್ಲಿ ಗಿರಣಿ ಓಡೋ ಹಾಗೆ."

ಅವಳು ಏಳುವಾಗ ಗಿಲಕಿಯ ತೋಳಿನ ಮೇಲೆ ಸೆರಗು ಹೊದಿಸಿದಳು.

ಆಮೇಲೆ ಒಬ್ಬನೇ ಕೂತು ನನ್ನ ತೋಳಿಗೆ ನಾನೇ ಕಿವಿ ಇಟ್ಟೆ. ಹೌದು ಮಗಳೇ, ಕೇಳಿಸುತ್ತೆ. ಇನ್ನೊಂದು ತೋಳಲ್ಲೂ ಕೇಳಿಸುತ್ತೆ. ಸೂಜಿ ಕಾಣದ ತೋಳಲ್ಲೂ. ಯಾರದ್ದೇ ತೋಳಿಗೆ ಗಟ್ಟಿಯಾಗಿ ಕಿವಿ ಒತ್ತಿದರೂ ಕೇಳಿಸುತ್ತೆ, ರಕ್ತವೋ ಮಾಂಸವೋ ಏನೋ ಒಳಗೆ ಓಡ್ತಾ ಇರುತ್ತೆ. ಒಂದು ಜನ್ಮವೆಲ್ಲ ಕರಕರ, ಗುಂಯ್‌ಗುಂಯ್ ಕೇಳಿಕೊಂಡೇ ಬದುಕಿದವನಿಗೆ ಇದೊಂದು ಗೊತ್ತಿರಲಿಲ್ಲ. ಇದನ್ನ ಹೇಳೋಣ ಅಂತ ಎದ್ದು ಹೋದೆ. ಕೋಣೆಗೆ ಚಿಲಕ ಹಾಕಿದ್ದಳು.

ಇನ್ನೊಂದಿದೆ. ಬರೀದೇ ಇರೋಕಾಗಲ್ಲ.

ಇವತ್ತು ಬಸ್ಸು ಹೊರಡುವಾಗ ಗಿಲಕಿ ಕಿಟಕಿಯಿಂದ "ತಾತಾ, ಟಾಟಾ" ಅಂದಳು. ಧ್ವನಿ ಗೊಗ್ಗರು. ನೆಗಡಿ ತಾತನ ಧ್ವನಿ. ನಾನು ನಕ್ಕೆ. ಹೇಗೆ ಕಲಿತಿದ್ದಾಳೆ ನೋಡು ಅಂತ ಪಕ್ಕದವರಿಗೂ ಹೇಳಿದೆ. "ಇನ್ನೊಂದು ಸಲ ಅನ್ನು ಪುಟ್ಟಾ" ಅಂತ ನಾನೇ ಎರಡು ಸಲ ಅನ್ನಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಡ್ರೈವರ್ ನಿನ್ನ ಕಾಗದ ಕೈಗೆ ಕೊಟ್ಟ. ಕೊನೆಯ ಸಾಲು ಓದಿದೆ.

ಅವಳು ಆಟಕ್ಕೆ ಅಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ನೋಡಿ ಹೇಳು.

ಅಪ್ಪ


ಜುಲೈ ೨೫

ಅಪ್ಪಾ,

ಅವರು ಬಂದಿದ್ದಾರೆ. ಅತ್ತಿಗೆಯ ತಾಯಿಯ ಮನೆಯಲ್ಲೇ ಇದ್ದಾರೆ. ಮೂರು ದಿನದಿಂದ ಬಾಗಿಲ ಮುಂದೆ ನಿಂತು ಕೂಗುತ್ತಿದ್ದೇನೆ, ತೆಗೆಯುತ್ತಿಲ್ಲ. "ಇಲ್ಲಿ ಮಗು ಇಲ್ಲ" ಅನ್ನುತ್ತಾರೆ. ನಾನು ಕಿಟಕಿಗೆ ಕಿವಿ ಇಟ್ಟೆ. ಈ ಊರಿನಲ್ಲಿ ಈಗ ಎಲ್ಲರೂ ಎಲ್ಲದಕ್ಕೂ ಕಿವಿ ಇಡುತ್ತಿದ್ದೇವೆ. ಒಳಗೆ ಕೆಮ್ಮು ಕೇಳಿಸಿತು. ಬೊಗಳಿದ ಹಾಗೆ, ಒಣ ಕೆಮ್ಮು. ಅದು ಆಟದ ಧ್ವನಿಯಲ್ಲ ಅಪ್ಪಾ.

ಸೀರಂ ನನ್ನ ಐಸ್ ಪೆಟ್ಟಿಗೆಯಲ್ಲಿದೆ. ಬಾಗಿಲಿನ ಈಚೆ.

ನಿನ್ನೆ ಬಾಗಿಲ ಸಂದಿಯಿಂದ ಅತ್ತಿಗೆಗೆ ಹೇಳಿದೆ, "ಎಲ್ಲರ ತೋಳಲ್ಲೂ ಕೇಳಿಸುತ್ತೆ ಅತ್ತಿಗೆ, ಗಿಲಕಿಯ ತೋಳಿಗೂ ಕಿವಿ ಇಟ್ಟು ನೋಡು, ಅವಳಿಗೆ ಸೂಜಿ ಹಾಕಿಲ್ಲವಲ್ಲ." ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೇಳುತ್ತಿದ್ದಾಳೆ, ತಿಳಿಯಿತು, ಈಗ ಚಿಲಕ ತೆಗೆಯುತ್ತಾಳೆ ಅಂದುಕೊಂಡೆ. ಆಮೇಲೆ ಅವಳ ಅಳು ಕೇಳಿಸಿತು. "ಯಾವಾಗ ಹಾಕಿದಿರಿ? ನನಗೆ ಗೊತ್ತಿಲ್ಲದ ಹಾಗೆ ಯಾವಾಗ ಹಾಕಿಬಿಟ್ಟಿರಿ?"

ನಾಳೆ ಬೆಳಿಗ್ಗೆ ಬಾಗಿಲು ಒಡೆಸಿಯಾದರೂ ಒಳಗೆ ಹೋಗುತ್ತೇನೆ. ಕಾಲೋನಿಯ ಜನ ರಸ್ತೆಗೆ ಕಲ್ಲು ಅಡ್ಡ ಹಾಕಿ ಸೂಜಿ ತರುವ ವ್ಯಾನು ಬಿಡುವುದಿಲ್ಲ ಅನ್ನುತ್ತಿದ್ದಾರೆ. ಇದು ನಿನಗೆ ತಲುಪಿದರೆ, ಮುಂದಿನದಕ್ಕೆ ಕಾಯಿ.

ಮಗಳು


ಆಗಸ್ಟ್ ೧೧

ತಾಯೀ,

ಕಾಯ್ತಿದ್ದೀನಿ. ವ್ಯಾನು ಬರಲಿಲ್ಲ. ಬಸ್ಸು ಕ್ವಾರಿಯ ತಿರುವಿನಿಂದಲೇ ವಾಪಸ್. ನಾನೂ ಒಂದು ಸಲ ಬಂದೆ. ಕಲ್ಲು ಅಡ್ಡ ಹಾಕಿಕೊಂಡು ನಿಂತವರ ಮುಂದೆ "ನಾನು ಆ ತೋಳಿನ ತಾತ, ಬದುಕಿದ್ದೀನಿ, ನೋಡ್ರಪ್ಪ" ಅಂದೆ. "ಸತ್ತವರ ಹೆಸರು ಹೇಳಿಕೊಂಡು ಬಂದಿದ್ದಾನೆ, ಆಫೀಸಿನವರು ಕಳಿಸಿದ್ದು" ಅಂತ ಓಡಿಸಿದರು. ಈ ಕಾಗದವನ್ನ ಹಾರನ್ ಕೈಗೆ ಕೊಡ್ತಿದ್ದೀನಿ. ಲಾರಿ ನಿಲ್ಲಿಸಿ ನಡೆದಾದರೂ ತಲುಪಿಸ್ತೀನಿ ಅಂದಿದ್ದಾನೆ. ಅವನು ಈಗ ನಗೋದು ಬಿಟ್ಟಿದ್ದಾನೆ.

ನಮ್ಮ ಬೀದಿಯಲ್ಲೂ ಎರಡು ಮನೆ ಬಾಗಿಲಿಗೆ, ಒಳಗೆ ಗಂಟಲಮಾರಿ ಇದೆ ಅಂತ, ನರ್ಸಮ್ಮ ಸುಣ್ಣದ ಗುರುತು ಹಾಕಿದ್ದಾಳೆ. ಅದರಲ್ಲೊಂದು, ಅವತ್ತು ನಗದೆ ಮಗುವನ್ನ ಎತ್ತಿಕೊಂಡು ಹೋದನಲ್ಲ, ಅವನ ಮನೆ. ನಾನು ದಿನಾ ಸ್ಕೂಲಿಗೆ ಹೋಗಿ ಅವಳ ಪಕ್ಕದ ಬೆಂಚಿನ ಮೇಲೆ ಬರಿತೋಳು ಬಿಟ್ಟುಕೊಂಡು ಕೂರ್ತೀನಿ. ಜನ ನೋಡಿ ಬೀದಿಯ ಆಚೆ ಬದಿಗೆ ದಾಟ್ತಾರೆ. ಒಂದು ಕೊಂಬು ಕಿತ್ತರೆ ತೋಳು ತೋಳ ಆಗುತ್ತೆ ಅಂತ ಗಿಲಕಿಗೆ ಅಕ್ಷರ ಕಲಿಸುವಾಗ ನಗಿಸಬೇಕು ಅಂತ ಇಟ್ಟುಕೊಂಡಿದ್ದೆ. ಈಗ ನನ್ನನ್ನ ಕಂಡರೆ ಮಕ್ಕಳು ತೋಳ ಕಂಡ ಹಾಗೆ ಓಡ್ತಾವೆ.

ಇವತ್ತು ಟೀ ಅಂಗಡಿಯಲ್ಲಿ ಒಬ್ಬ ಹೊಸಬ ಬಂದು ಕೂತ. ಸಿಮೆಂಟು ಚೀಲ ಇಳಿಸೋನು, ಬೆಟ್ಟದ ಆಚೆಯವನು. ನಾನು ಯಾರು ಅಂತ ಅವನಿಗೆ ಗೊತ್ತಿಲ್ಲ. ಟೀ ಬರೋವರೆಗೆ ಒಂದು ಕಥೆ ಹೇಳ್ತೀನಿ ಅಂದ. "ಒಬ್ಬ ಮುದುಕ ಇದ್ದನಂತೆ, ತೋಳು ಹಾಡ್ತಿತ್ತಂತೆ." ಅಭ್ಯಾಸಬಲ ನೋಡು, ಶುರುವಾದಾಗ ನಾನು ನಕ್ಕೆ. "ನಗಬೇಡಿ ತಾತಾ, ಇದು ನಿಜವಾಗಿ ನಡೆದದ್ದು" ಅಂದ.

ಕಥೆಗೆ ಈಗ ಬಾಲ ಬೆಳೆದಿದೆ. ಆ ಮುದುಕನಿಗೆ ಒಬ್ಬಳು ಮೊಮ್ಮಗಳಂತೆ. ಗಲಗಲ ಮಾತಾಡೋ ಕೂಸಂತೆ. ತಾತನ ಧ್ವನಿ ಅನುಕರಣೆ ಮಾಡ್ತಿತ್ತಂತೆ. ಆಮೇಲೆ ಏನಾಯ್ತು ಅಂತಲೂ ಹೇಳಿದ. ಪೂರ್ತಿ ಹೇಳಿದ. ಅದನ್ನ ನಾನು ಬರೆಯೋಲ್ಲ. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ನೋಡಲಾರದೆ ಗ್ಲಾಸು ನೋಡ್ತಿದ್ದರು. ಟೀ ಅಂಗಡಿಯವ ಒಲೆ ಆರಿಸಿದ.

ನಿನ್ನ ಪ್ರಶ್ನೆಯನ್ನೇ ಕೇಳಿದೆ. "ಯಾರಿಂದ ಕೇಳಿದೆಯಪ್ಪ?" ಒಬ್ಬ ಟ್ರ್ಯಾಕ್ಟರಿನವನಿಂದ ಅಂದ. ಅವನು ಯಾರಿಂದ? ಕ್ವಾರಿಯ ಕ್ಯಾಂಟೀನಿನ ಅಡಿಗೆಯವಳಿಂದ. ಅವಳು? "ಆ ಮನೆಯ ಎದುರಿನ ಮನೆ ಅವಳದ್ದಂತೆ ತಾತಾ" ಅಂದ.

ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲ. ದಾರದ ಆ ತುದಿ ನಿನ್ನ ಕೈಯಲ್ಲಿದೆ.

ನಾನು ಯೋಚನೆ ಮಾಡಿದೆ ಮಗಳೇ. ಇದೇ ಕಥೆಯಲ್ಲಿ ನಾನೂ ಸತ್ತಿದ್ದೀನಿ. ಹೂತಿದ್ದಾರೆ, ಮಣ್ಣಿನ ಅಡಿಯಿಂದ ಗುಂಯ್ ಅಂದಿದ್ದೀನಿ. ಆದರೂ ಇಲ್ಲಿ ಕೂತು ಬರೀತಿದ್ದೀನಲ್ಲ, ಉಸಿರಾಡ್ತಿದ್ದೀನಲ್ಲ. ನಾನು ಸತ್ತೆ ಅಂದ ಬಾಯಿಗಳೇ ಇದನ್ನೂ ಹೇಳ್ತಿರೋದು. ಅಡಿಯಿಂದ ಮುಡಿಯವರೆಗೆ ಸುಳ್ಳಿನ ಕಥೆ ಇದು. ಹುಟ್ಟಿಸಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಸುಳ್ಳಾಗಿದ್ದರೆ ಇನ್ನೊಂದೂ ಸುಳ್ಳೇ ಆಗಿರಬೇಕು.

ಉದ್ದ ಬರೀಬೇಡ. ನಿನಗೆ ಪುರುಸೊತ್ತು ಇಲ್ಲ ಅಂತ ಗೊತ್ತು.

ಸುಳ್ಳು ಅಂತ ಬರಿ.

ಅಪ್ಪ